ಸಂಘದ ಪಟ್ಟಿಯಲ್ಲಿ ಎಲ್ಲರ ಮೊಬೈಲ್ ಸಂಖ್ಯೆಯೂ 2147483647: ಇದು ಅವಿಭಾಜ್ಯವೆಂದು ಕೈಲೆಕ್ಕದಲ್ಲಿ ತಿಳಿಯುವುದು ಹೇಗೆ?

ಪ್ರಶ್ನೆ — ಸಂಘದ ಕಾರ್ಯದರ್ಶಿ, ತಿಪಟೂರು

ನಮ್ಮ ಪ್ರೌಢಶಾಲೆಯ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ನಾನು ಕಾರ್ಯದರ್ಶಿ. ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ಲೆಡ್ಜರ್ ಬರೆದು ನಿವೃತ್ತನಾದವನು. ಹೋದ ತಿಂಗಳು ಸದಸ್ಯರ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಿದೆವು. ಪರಿಚಯದ ಹುಡುಗನೊಬ್ಬ ಅದಕ್ಕೊಂದು ತಂತ್ರಾಂಶ ಬರೆದುಕೊಟ್ಟಿದ್ದ. ಮೂರು ದಿನ ಕುಳಿತು 146 ಹೆಸರು ತುಂಬಿಸಿದೆ. ಮುದ್ರಿಸಿ ನೋಡಿದರೆ ಮೊಬೈಲ್ ಸಂಖ್ಯೆಯ ಕಾಲಂನಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದೇ ಸಂಖ್ಯೆ: 2147483647. ಎಸ್‌ಟಿಡಿ ಕೋಡ್ ಇಲ್ಲದೆ ಬರೆದಿದ್ದ ಮೂರು ಮನೆಗಳ ಸ್ಥಿರ ದೂರವಾಣಿ ಸಂಖ್ಯೆಗಳು ಮಾತ್ರ ಇದ್ದ ಹಾಗೆಯೇ ಉಳಿದಿದ್ದವು.

ಪಟ್ಟಿಯ ಚಿಂತೆ ಒಂದು ಕಡೆಗಿರಲಿ. ಆ ರಾತ್ರಿ ನನ್ನ ತಲೆಗೆ ಹತ್ತಿದ್ದು ಆ ಸಂಖ್ಯೆ. 214 ಕೋಟಿ 74 ಲಕ್ಷ 83 ಸಾವಿರದ 647. ಅಂಕಿಗಳನ್ನು ಕೂಡಿಸಿದರೆ 46, ಮತ್ತೆ ಕೂಡಿಸಿದರೆ 10, ಮತ್ತೆ 1. ಅಂದರೆ 3ರಿಂದಾಗಲಿ 9ರಿಂದಾಗಲಿ ಭಾಗವಾಗುವುದಿಲ್ಲ, ಶೇಷ 1. ಇದು ಬ್ಯಾಂಕಿನ ಅಭ್ಯಾಸ. ದೊಡ್ಡ ಮೊತ್ತ ಕಂಡರೆ ಒಂಬತ್ತು ಬಿಟ್ಟು ತಾಳೆ ನೋಡದೆ ಕೈ ಸುಮ್ಮನಿರುವುದಿಲ್ಲ. 7ರಿಂದ ಭಾಗಿಸಿದೆ, ಶೇಷ 1. 11ರಿಂದ ಭಾಗಿಸಿದೆ, ಶೇಷ 1. 13ಕ್ಕೆ ಬೇರೆ ಏನೋ ಬಂತು. 31ಕ್ಕೆ ಮತ್ತೆ 1. ಅಲ್ಲಿಂದ ಬಿಡಲಾಗಲಿಲ್ಲ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಹನ್ನೊಂದು ಪುಟ ತುಂಬಿಸಿದೆ. 2ರಿಂದ ಹಿಡಿದು 397ರವರೆಗೆ ಒಟ್ಟು 78 ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿದ್ದೇನೆ. ಒಂದರಿಂದಲೂ ನಿಶ್ಶೇಷವಾಗಿ ಭಾಗವಾಗಲಿಲ್ಲ. 151ಕ್ಕೂ 331ಕ್ಕೂ ಕೂಡ ಶೇಷ 1 ಬಂದಿದೆ.

ನನ್ನ ಅಕ್ಕನ ಮಗ ಫೋನಿನಲ್ಲಿ ನೋಡಿ, "ಮಾವ, ಇದು ಅವಿಭಾಜ್ಯವೇ, 1772ರಲ್ಲೇ ಗೊತ್ತಿತ್ತಂತೆ" ಎಂದ. ಉತ್ತರ ಸಿಕ್ಕಿತು, ಸಮಾಧಾನ ಸಿಗಲಿಲ್ಲ. ಇದರ ವರ್ಗಮೂಲ 46340ಕ್ಕೂ ಸ್ವಲ್ಪ ಹೆಚ್ಚು. ಅಷ್ಟರೊಳಗೆ ಸುಮಾರು 4800 ಅವಿಭಾಜ್ಯಗಳಿವೆಯಂತೆ. ದಿನಕ್ಕೆ ಇಪ್ಪತ್ತರಂತೆ ಭಾಗಿಸಿದರೂ ನನಗೆ 240 ದಿನ ಬೇಕು. ಯಂತ್ರವಿಲ್ಲದ ಕಾಲದಲ್ಲಿ ಒಬ್ಬ ಮನುಷ್ಯ ಇದನ್ನು ಹೇಗೆ ಮುಗಿಸಿದ? ಶೇಷ 1 ಇಷ್ಟು ಸಲ ಬರುವುದಕ್ಕೆ ಏನಾದರೂ ಕಾರಣವಿದೆಯೇ? ಎಂಟನೆಯ ತರಗತಿಯ ಹುಡುಗನಿಗೆ ಹೇಳುವಂತೆ ಯಾರಾದರೂ ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಉತ್ತರ 1 — ತಂತ್ರಾಂಶ ಕೆಲಸದವಳು, ಬೆಂಗಳೂರು

ಸರ್, ಮೊದಲು ಪಟ್ಟಿಯ ವಿಷಯ ಹೇಳಿಬಿಡುತ್ತೇನೆ. ನೀವು ತುಂಬಿದ ಮೊಬೈಲ್ ಸಂಖ್ಯೆಗಳು ಆ ಕಾಲಂನಲ್ಲಿ ಈಗ ಇಲ್ಲ. ಕಾಗದದ ಅರ್ಜಿಗಳನ್ನು ದಯವಿಟ್ಟು ಎಸೆಯಬೇಡಿ.

ಆ ಕಾಲಂ ಅನ್ನು ಪೂರ್ಣಾಂಕ ಎಂದು ಘೋಷಿಸಿದ್ದಾರೆ. ಅದಕ್ಕೆ ಮೀಸಲಾದ ಜಾಗ 32 ಬಿಟ್, ಅಂದರೆ 0 ಇಲ್ಲವೇ 1 ಮಾತ್ರ ಹಿಡಿಯುವ 32 ಸ್ಥಾನಗಳು. ಒಂದು ಬಿಟ್ ಧನವೋ ಋಣವೋ ಎಂದು ತಿಳಿಸಲು ಹೋಗುತ್ತದೆ. ಉಳಿದ 31 ಸ್ಥಾನಗಳಲ್ಲಿಯೂ 1 ತುಂಬಿದಾಗ ಬರುವ ಸಂಖ್ಯೆಯೇ 2147483647. ಎರಡನ್ನು 31 ಸಲ ಗುಣಿಸಿ ಒಂದು ಕಳೆದದ್ದು, ಬರೆಯುವುದು 2^31 − 1 ಎಂದು. ಕೆಲವು ದತ್ತಾಂಶ ವ್ಯವಸ್ಥೆಗಳು ಇದಕ್ಕಿಂತ ದೊಡ್ಡದನ್ನು ಕೊಟ್ಟರೆ ತಪ್ಪೆಂದು ಹೇಳದೆ ಇದನ್ನೇ ಬರೆದುಕೊಂಡು ಮುಂದೆ ಹೋಗುತ್ತವೆ. ನಮ್ಮ ದೇಶದ ಮೊಬೈಲ್ ಸಂಖ್ಯೆಗಳೆಲ್ಲ ಹತ್ತು ಅಂಕಿಯವು, 6ರಿಂದ 9ರೊಳಗಿನ ಅಂಕಿಯಿಂದ ಆರಂಭವಾಗುವಂಥವು. ಹಾಗಾಗಿ ಎಲ್ಲವೂ ಈ ಮಿತಿಯನ್ನು ಮೀರುತ್ತವೆ. ಮೂರು ಸ್ಥಿರ ದೂರವಾಣಿ ಸಂಖ್ಯೆಗಳು ಚಿಕ್ಕವಾದ್ದರಿಂದ ಬದುಕಿಕೊಂಡವು. ದೂರವಾಣಿ ಸಂಖ್ಯೆಯನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ. ಅದನ್ನು ಅಕ್ಷರಗಳ ಸಾಲಾಗಿಯೇ ಇಡಬೇಕು ಎಂದು ಹುಡುಗನಿಗೆ ತಿಳಿಸಿ.

ಇದೇ ಮಿತಿಯಿಂದ ಇನ್ನೊಂದು ತೊಂದರೆಯೂ ಕಾದಿದೆ. ಅನೇಕ ಹಳೆಯ ಯಂತ್ರಗಳು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳನ್ನು ಎಣಿಸಿ ಸಮಯ ಹೇಳುತ್ತವೆ. ಆ ಎಣಿಕೆ 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಈ ಸಂಖ್ಯೆಯನ್ನು ಮುಟ್ಟುತ್ತದೆ. ಅಷ್ಟರೊಳಗೆ ಬದಲಾಯಿಸದ ಯಂತ್ರಗಳ ಗಡಿಯಾರ ಮರುಕ್ಷಣವೇ ಕೆಡುತ್ತದೆ.

ಅವಿಭಾಜ್ಯತೆಯ ಬಗ್ಗೆ ನನ್ನ ಕಡೆಯಿಂದ ಒಂದೇ ಮಾತು. ಯಂತ್ರದ ಮಿತಿಗಳೆಲ್ಲ ಅವಿಭಾಜ್ಯವಲ್ಲ. 16 ಬಿಟ್‌ನ ಮಿತಿಯಾದ 32767 ಭಾಗವಾಗುತ್ತದೆ. 64 ಬಿಟ್‌ನ ಮಿತಿಯಾದ 2^63 − 1 ಕೂಡ 7ರಿಂದ ಭಾಗವಾಗುತ್ತದೆ. ಈ ಮೂರರಲ್ಲಿ ನಡುವಿನ 32 ಬಿಟ್‌ನ ಮಿತಿಗೆ ಮಾತ್ರ ಈ ಭಾಗ್ಯ. ಯಾದೃಚ್ಛಿಕ ಸಂಖ್ಯೆಗಳನ್ನು, ಅಂದರೆ ಚೀಟಿ ಎತ್ತಿದಂತೆ ಕ್ರಮವಿಲ್ಲದೆ ಬರುವ ಸಂಖ್ಯೆಗಳನ್ನು, ಹುಟ್ಟಿಸಲು ನಮ್ಮ ಕೆಲಸದಲ್ಲಿ ಇದನ್ನು ಬಹಳ ಕಾಲ ಬಳಸಿದ್ದಾರೆ. ಒಂದು ಸಂಖ್ಯೆಯಿಂದ ಹೊರಟು, ಪ್ರತಿ ಸಲ 16807ರಿಂದ, ಅಂದರೆ 7ರ ಐದನೆಯ ಘಾತದಿಂದ, ಗುಣಿಸಿ 2147483647ರಿಂದ ಭಾಗಿಸಿ ಶೇಷ ತೆಗೆಯುತ್ತಾ ಹೋದರೆ 1ರಿಂದ 2147483646ರವರೆಗಿನ ಪ್ರತಿಯೊಂದು ಸಂಖ್ಯೆಯೂ ಒಂದೊಂದು ಸಲ ಬಂದು ಹೋದ ಮೇಲೆಯೇ ಹೊರಟ ಸಂಖ್ಯೆ ಮರಳುತ್ತದೆ.

ಉತ್ತರ 2 — ನಿವೃತ್ತ ಗಣಿತ ಶಿಕ್ಷಕ, ಸಾಗರ

ಕಾರ್ಯದರ್ಶಿಗಳೇ, ನೀವು ಮಾಡಿದ 78 ಭಾಗಾಕಾರಗಳಲ್ಲಿ ಬೇಕಾಗಿದ್ದುದು ಒಂದೇ ಒಂದು. 311ರದು. ಉಳಿದ 77ರಿಂದ ಭಾಗವಾಗುವುದಿಲ್ಲ ಎಂದು ಪೆನ್ನು ಮುಟ್ಟುವ ಮೊದಲೇ ಹೇಳಬಹುದಿತ್ತು. 1772ರ ಆ ಮನುಷ್ಯ ಗೆದ್ದದ್ದು ಇಲ್ಲಿಯೇ. ನಿಧಾನವಾಗಿ ಹೇಳುತ್ತೇನೆ, ಕಾಗದ ತೆಗೆದುಕೊಂಡು ಜೊತೆಗೆ ಬರೆಯಿರಿ.

ಇದರ ಚಿಕ್ಕ ತಮ್ಮನೊಬ್ಬನನ್ನು ನೋಡೋಣ. 2^11 − 1 = 2047. ಇದು ಅವಿಭಾಜ್ಯವಲ್ಲ, 23 × 89. ಈಗ 23ರಿಂದ ಭಾಗಿಸಿದಾಗ ಬರಬಹುದಾದ ಶೇಷಗಳನ್ನು ಗಮನಿಸಿ. ಸೊನ್ನೆ ಬಿಟ್ಟರೆ 22. 1ರಿಂದ ಹೊರಟು ಪ್ರತಿ ಸಲ ಎರಡರಷ್ಟು ಮಾಡಿ, 23 ಮೀರಿದರೆ 23 ಕಳೆಯಿರಿ: 1, 2, 4, 8, 16, 9, 18, 13, 3, 6, 12, ಮತ್ತೆ 1. ಹನ್ನೊಂದು ಹೆಜ್ಜೆಗೆ ಹೊರಟಲ್ಲಿಗೇ ಬಂದೆವು. ಈ ಸುತ್ತಿಗೆ ಸೇರದೆ ಉಳಿದ 5ರಿಂದ ಹೊರಡಿ: 5, 10, 20, 17, 11, 22, 21, 19, 15, 7, 14, ಮತ್ತೆ 5. ಇಲ್ಲಿಯೂ ಹನ್ನೊಂದೇ. ಕೋಲಾಟಕ್ಕೆ ನಿಂತವರಂತೆ 22 ಶೇಷಗಳೂ ಹನ್ನೊಂದು ಹನ್ನೊಂದು ಜನರ ಎರಡು ಸುತ್ತುಗಳಾದವು. ಯಾರೂ ಹೊರಗುಳಿಯಲಿಲ್ಲ, ಯಾರೂ ಎರಡು ಕಡೆ ಇಲ್ಲ.

ಏಕೆ ಹೀಗಾಗಲೇಬೇಕು? 2047ನ್ನು 23 ಭಾಗಿಸುತ್ತದೆ ಎಂದರೆ 2^11ಕ್ಕೆ ಶೇಷ 1 ಎಂದೇ ಅರ್ಥ. ಅಂದರೆ ಹನ್ನೊಂದನೆಯ ಹೆಜ್ಜೆಗೆ ಮನೆಗೆ ಬರಲೇಬೇಕು. ಅದಕ್ಕಿಂತ ಚಿಕ್ಕ ಸುತ್ತು ಇದ್ದಿದ್ದರೆ ಅದರ ಉದ್ದ 11ನ್ನು ಭಾಗಿಸಬೇಕಿತ್ತು. 11 ಅವಿಭಾಜ್ಯ, ದಾರಿಯಿಲ್ಲ. ಆದ್ದರಿಂದ 22 ಎಂಬುದು 11ರ ಗುಣಕ. 89ನ್ನೂ ನೋಡಿ, ಅದರ ಶೇಷಗಳು 88, ಹನ್ನೊಂದರ ಎಂಟು ಸುತ್ತು.

ಈಗ ನಿಮ್ಮ ಸಂಖ್ಯೆಗೆ ಬನ್ನಿ. 2^31 − 1ಕ್ಕೆ ಅವಿಭಾಜ್ಯ ಭಾಜಕ ಯಾವುದಾದರೂ ಇದ್ದರೆ, ಅದರ ಶೇಷಗಳು 31 ಜನರ ಸುತ್ತುಗಳಾಗಿ ನಿಲ್ಲಬೇಕು. ಆ ಭಾಜಕದಿಂದ 1 ಕಳೆದರೆ 31ರಿಂದ ಭಾಗವಾಗಬೇಕು. ಭಾಜಕ ಬೆಸ ಸಂಖ್ಯೆಯಾದ್ದರಿಂದ 1 ಕಳೆದಾಗ ಸಮವಾಗುತ್ತದೆ, ಹಾಗಾಗಿ 62ರಿಂದಲೂ ಭಾಗವಾಗಬೇಕು. 63, 125, 187, 249, 311 ಹೀಗೆ ಹೋಗುವ ಸಾಲಿನ ಹೊರಗಿನ ಯಾವ ಅವಿಭಾಜ್ಯವೂ ಇದನ್ನು ಭಾಗಿಸಲಾರದು. ನಿಮ್ಮ 3, 7, 11, 13 ಎಲ್ಲವೂ ಇಲ್ಲಿಯೇ ಬಿದ್ದುಹೋದವು.

ಇನ್ನೊಂದು ಜರಡಿಯೂ ಇದೆ. 2^31ಕ್ಕೆ ಶೇಷ 1 ಎಂದಾದರೆ 2^32ಕ್ಕೆ ಶೇಷ 2. ಆದರೆ 2^32 ಎಂದರೆ 2^16ರ ವರ್ಗ. ಒಂದು ವರ್ಗಸಂಖ್ಯೆಗೆ ಶೇಷ 2 ಬರುವಂಥ ಬೆಸ ಅವಿಭಾಜ್ಯವನ್ನು 8ರಿಂದ ಭಾಗಿಸಿದರೆ ಉಳಿಯುವುದು 1 ಇಲ್ಲವೇ 7 ಮಾತ್ರ. ಇದರ ಸಾಧನೆ ಉದ್ದ, ಇಲ್ಲಿ ಬರೆಯುವುದಿಲ್ಲ. 23 ಮತ್ತು 89ರ ಮೇಲೆ ಪರೀಕ್ಷಿಸಿಕೊಳ್ಳಿ. ಎರಡು ಜರಡಿಗಳನ್ನೂ ಸೇರಿಸಿದರೆ, ಭಾಜಕವನ್ನು 248ರಿಂದ ಭಾಗಿಸಿದಾಗ 1 ಅಥವಾ 63 ಉಳಿಯಬೇಕು. 46340ರವರೆಗೆ ಇಂತಹ ಸಂಖ್ಯೆಗಳು, 63ನ್ನು ಬಿಟ್ಟರೆ, 372. ಅವುಗಳಲ್ಲಿಯೂ ಬಹಳಷ್ಟು ತಾವೇ ಭಾಗವಾಗುವಂಥವು: 249 ಎಂದರೆ 3 × 83, 497 ಎಂದರೆ 7 × 71. ನಮ್ಮ 2047 ಕೂಡ ಈ ಸಾಲಿನಲ್ಲಿ ಬಂದು ಹೋಗುತ್ತದೆ. ನಿಜವಾಗಿ ಭಾಗಿಸಿ ನೋಡಬೇಕಾದ ಮೊದಲ ಐದು 311, 1303, 1489, 2543, 2729. ಕೊನೆಯವರೆಗೆ ಲೆಕ್ಕ ಹಾಕಿದರೂ ಇಂತಹ ಅವಿಭಾಜ್ಯಗಳು ಎಂಬತ್ತರ ಆಸುಪಾಸು. ನಿಮ್ಮ ವೇಗಕ್ಕೆ ನಾಲ್ಕೈದು ದಿನದ ಕೆಲಸ.

ಇದನ್ನು ಮಾಡಿದವನು ಲಿಯೊನ್‌ಹಾರ್ಡ್ ಆಯ್ಲರ್. ಮೂರನೆಯ ಯೋಹಾನ್ ಬರ್ನೂಲಿ ಎಂಬ ಗಣಿತಜ್ಞನಿಗೆ ಬರೆದ ಪತ್ರದಲ್ಲಿ ಈ 1, 63ರ ಜರಡಿಯನ್ನು ಹೇಳಿದ್ದಾನೆ. ಅದು ಬರ್ಲಿನ್ ಅಕಾಡೆಮಿಯ 1772ರ ಸಂಪುಟದಲ್ಲಿ ಬಂತು. ಆಗ ಅವನು ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ, ವಯಸ್ಸು 65ರ ಹತ್ತಿರ, ಕಣ್ಣು ಬಹುತೇಕ ಹೋಗಿತ್ತು. ಅದಕ್ಕೂ ಮೊದಲು ಇಟಲಿಯ ಕಟಾಲ್ಡಿ 1588ರಲ್ಲಿ 524287 ಅವಿಭಾಜ್ಯವೆಂದು ತೋರಿಸಿದ್ದ. ಅವನು ನಿಮ್ಮ ದಾರಿಯಲ್ಲೇ ನಡೆದವನು: ವರ್ಗಮೂಲದವರೆಗಿನ ಪ್ರತಿಯೊಂದು ಅವಿಭಾಜ್ಯದಿಂದಲೂ ಭಾಗಿಸಿದ. ಅಲ್ಲಿಂದ ಈ ಸಂಖ್ಯೆಗೆ ಬರಲು 184 ವರ್ಷ ಹಿಡಿಯಿತು. 524287ರಿಂದ 214 ಕೋಟಿಗೆ ನೆಗೆಯಲು ಹೆಚ್ಚು ತಾಳ್ಮೆ ಸಾಕಾಗುತ್ತಿರಲಿಲ್ಲ, ಜರಡಿ ಬೇಕಾಗಿತ್ತು.

ನಾನು ಇದನ್ನು ಒಂದು ಮಳೆಗಾಲದಲ್ಲಿ ಹತ್ತನೆಯ ತರಗತಿಯಲ್ಲಿ ಮಾಡಿಸಿದ್ದೇನೆ. ನಮ್ಮಲ್ಲಿ ಆಷಾಢದ ಮಳೆ ಹಿಡಿದರೆ ಆಟದ ಪೀರಿಯಡ್ ಇಲ್ಲ, ಮಕ್ಕಳು ಒಳಗೇ ಕೂರಬೇಕು. ಅವಿಭಾಜ್ಯಗಳ ಪಟ್ಟಿ ಕೈಯಲ್ಲಿರಲಿಲ್ಲ. 372ರಲ್ಲಿ 3, 5, 7, 11, 13ರಿಂದ ಹೋಗುವುದನ್ನು ಮಕ್ಕಳೇ ಹೊಡೆದುಹಾಕಿದರು. ಉಳಿದ ಸುಮಾರು 140ನ್ನು ತಲೆಗೆ ಮೂರರಂತೆ, ಕೆಲವರಿಗೆ ನಾಲ್ಕರಂತೆ ಹಂಚಿದೆ. ಮೂರನೆಯ ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು "ಸರ್, ಸೊನ್ನೆ ಬಂತು" ಎಂದಳು. ಅವಳಿಗೆ ಬಂದಿದ್ದ ಭಾಜಕ 2729. ತರಗತಿ ಗಪ್ಪಾಯಿತು. ಹೊರಗೆ ಹೆಂಚಿನಿಂದ ನೀರು ಸುರಿಯುವುದೊಂದೇ ಸದ್ದು. ನನ್ನ ಎದೆಯೂ ಹೊಡೆದುಕೊಂಡಿತು. ಆಯ್ಲರ್ ತಪ್ಪಿರಬಹುದು ಎಂಬ ಆಸೆ ಅರೆಕ್ಷಣ ನನ್ನಲ್ಲೂ ಬಂದಿತ್ತು. ಪಕ್ಕದ ಸಾಲಿನ ಹುಡುಗ ಅವಳ ಪುಸ್ತಕ ನೋಡಿ, "ಭಾಗಲಬ್ಧ 4ರಲ್ಲಿ ಮುಗಿದಿದೆ ಸರ್. ಒಂಬತ್ತು ನಾಲ್ಕಲಿ ಮೂವತ್ತಾರು. ನಮ್ಮ ಸಂಖ್ಯೆ 7ರಲ್ಲಿ ಮುಗಿಯಬೇಕಲ್ಲವೇ?" ಎಂದ. ನಡುವೆ ಎಲ್ಲೋ ಒಂದು ದಶಕ ಕೈಬಿಟ್ಟಿತ್ತು. ಅವಳು ಅಳಲಿಲ್ಲ. ಹೊಸ ಪುಟಕ್ಕೆ ತಿರುಗಿ ಮೊದಲಿನಿಂದ ಭಾಗಿಸಿದಳು, ಶೇಷ ಬಂದ ಮೇಲೆ ತಾನೇ ಕರಿಹಲಗೆಗೆ ಬಂದು ಬರೆದಳು. ನನ್ನ ಅಧ್ಯಾಪನದಲ್ಲಿ ಅದಕ್ಕಿಂತ ಒಳ್ಳೆಯ ಪೀರಿಯಡ್ ಬರಲಿಲ್ಲ.

ಉದ್ದದ ಭಾಗಾಕಾರವನ್ನು ತಾಳೆ ನೋಡಲು ಒಂದು ಉಪಾಯ. 311ಕ್ಕೆ: 2^8 = 256, ಅಂದರೆ 311ಕ್ಕೆ 55 ಕಡಿಮೆ. 55ರ ವರ್ಗ 3025, ಶೇಷ 226; ಇದು 2^16ರ ಶೇಷ. ಅದರ ಅರ್ಧ 113, ಇದು 2^15ರದು. 226 × 113 = 25538, ಇದನ್ನು 311ರಿಂದ ಭಾಗಿಸಿದರೆ ಉಳಿಯುವುದು 36; ಇದು 2^31ರ ಶೇಷ. ಒಂದು ಕಳೆದರೆ 35. ನಿಮ್ಮ ನೋಟ್‌ಬುಕ್ಕಿನಲ್ಲಿ 311ರ ಎದುರು ಏನಿದೆ ನೋಡಿ.

ಉತ್ತರ 3 — ಗಣಿತ ಎಂ.ಎಸ್‌ಸಿ. ವಿದ್ಯಾರ್ಥಿನಿ, ಧಾರವಾಡ

ಮೇಷ್ಟರು ಹೇಳಿದ ಮೇಲೆ ಉಳಿದಿರುವುದು ಶೇಷ 1ರ ಪ್ರಶ್ನೆ. ಸರ್, ಅದು ಆಕಸ್ಮಿಕವಲ್ಲ. ಶೇಷ 1 ಬರುತ್ತದೆ ಎಂದರೆ ನಿಮ್ಮ ಸಂಖ್ಯೆಗಿಂತ ಒಂದು ಕಡಿಮೆಯಾದ 2147483646 ಪೂರ್ತಿ ಭಾಗವಾಗುತ್ತದೆ ಎಂದರ್ಥ. ಅದು 2 × (2^30 − 1). ಆವರಣದೊಳಗಿನದನ್ನು (2^15 − 1)(2^15 + 1) ಎಂದು ಒಡೆಯಬಹುದು, ಅಂದರೆ 32767 × 32769. ಮೊದಲನೆಯದು 7 × 31 × 151. ಎರಡನೆಯದು 3 × 3 × 11 × 331. ನಿಮಗೆ ಶೇಷ 1 ಕೊಟ್ಟ ಬೆಸ ಅವಿಭಾಜ್ಯಗಳು ಇವೇ ಆರು, ಬೇರೆ ಯಾವುದೂ ಇಲ್ಲ. ಮೊದಲು ಉತ್ತರಿಸಿದ ಅಕ್ಕ ಹೇಳಿದ 16 ಬಿಟ್‌ನ ಮಿತಿ ಇಲ್ಲಿ ಒಳಗೇ ಕುಳಿತಿದೆ ನೋಡಿ.

ಇನ್ನೊಂದು ಗುಣವೂ ಇದಕ್ಕಿದೆ. 28ರ ಭಾಜಕಗಳಾದ 1, 2, 4, 7, 14ನ್ನು ಕೂಡಿಸಿದರೆ ಮತ್ತೆ 28 ಬರುತ್ತದೆ. ಇಂಥವು ಪರಿಪೂರ್ಣ ಸಂಖ್ಯೆಗಳು. 28 ಎಂದರೆ 4 × 7, ಅಂದರೆ 2^2 × (2^3 − 1). ಅದೇ ರೀತಿ 2^30 × 2147483647 = 2305843008139952128 ಎಂಟನೆಯ ಪರಿಪೂರ್ಣ ಸಂಖ್ಯೆ. ಇದಕ್ಕಿಂತ ದೊಡ್ಡದನ್ನು ಯಾರೂ ಎಂದೂ ಕಂಡುಹಿಡಿಯಲಾರರು ಎಂದು ಇಂಗ್ಲೆಂಡಿನ ಪೀಟರ್ ಬಾರ್ಲೋ 1811ರಲ್ಲಿ ಬರೆದ. 1876ರಲ್ಲಿ ಫ್ರಾನ್ಸಿನ ಎಡ್ವರ್ಡ್ ಲೂಕಾ 39 ಅಂಕಿಗಳ 2^127 − 1 ಅವಿಭಾಜ್ಯವೆಂದು ತೋರಿಸಿದ, ಆ ಮಾತು ಬಿದ್ದುಹೋಯಿತು.

ಲೂಕಾ ತಂದ ದಾರಿಯಲ್ಲಿ ಭಾಜಕಗಳನ್ನು ಹುಡುಕುವುದೇ ಇಲ್ಲ. 4ರಿಂದ ಆರಂಭಿಸಿ, ವರ್ಗ ಮಾಡಿ, 2 ಕಳೆದು, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ; ಮತ್ತೆ ಅದೇ. 127ಕ್ಕೆ ಮಾಡಿದರೆ 4, 14, 67, 42, 111, 0. 127 ಎಂದರೆ 2^7 − 1, ಆರನೆಯ ಸ್ಥಾನದಲ್ಲಿ ಸೊನ್ನೆ ಬಂತು, ಆದ್ದರಿಂದ ಅವಿಭಾಜ್ಯ. 2047ಕ್ಕೆ ಮಾಡಿದರೆ ಹತ್ತನೆಯ ಸ್ಥಾನದಲ್ಲಿ 1736 ಬರುತ್ತದೆ, ಸೊನ್ನೆಯಲ್ಲ. ನಿಮ್ಮ ಸಂಖ್ಯೆಗೆ 29 ಸಲ ವರ್ಗ ಮಾಡಿದರೆ ಸಾಕು. ಆದರೆ ಪ್ರತಿ ವರ್ಗವೂ ಹದಿನೆಂಟು ಹತ್ತೊಂಬತ್ತು ಅಂಕಿಗಳಷ್ಟು ದೊಡ್ಡದಾಗಬಹುದು, ಒಂದು ಕಡೆ ತಪ್ಪಿದರೆ ಮುಂದಿನದೆಲ್ಲ ಹಾಳು. ಕೈಲೆಕ್ಕಕ್ಕೆ ಮೇಷ್ಟರ ದಾರಿಯೇ ವಾಸಿ, ಅಲ್ಲಿ ತಪ್ಪು ಒಂದೇ ಪುಟದಲ್ಲಿ ನಿಲ್ಲುತ್ತದೆ. ಯಂತ್ರಕ್ಕೆ ಲೂಕಾನ ದಾರಿ. 2024ರ ಅಕ್ಟೋಬರಿನಲ್ಲಿ ಪ್ರಕಟವಾದ 2^136279841 − 1, ನಾಲ್ಕು ಕೋಟಿ ಹತ್ತು ಲಕ್ಷಕ್ಕೂ ಹೆಚ್ಚು ಅಂಕಿಗಳದ್ದು, ಅವಿಭಾಜ್ಯವೆಂದು ಖಚಿತವಾದದ್ದು ಇದೇ ಪರೀಕ್ಷೆಯಿಂದ.

ಮರುಉತ್ತರ — ಸಂಘದ ಕಾರ್ಯದರ್ಶಿ, ತಿಪಟೂರು

ಮೂವರಿಗೂ ನಮಸ್ಕಾರ. ಒಂಬತ್ತನೆಯ ಪುಟದಲ್ಲಿ 311 ಸಿಕ್ಕಿತು. ಭಾಗಲಬ್ಧ 6905092, ಶೇಷ 35. ಮೇಷ್ಟರ ಉಪಾಯದಲ್ಲಿ ಬಂದ 35ನ್ನು ಅದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದು, ಬ್ಯಾಂಕಿನಲ್ಲಿ ಹಾಕುತ್ತಿದ್ದ ಹಾಗೆ ಟಿಕ್ ಹಾಕಿದೆ.

23ರ ಎರಡು ಸುತ್ತುಗಳನ್ನು ನನ್ನ ಮೊಮ್ಮಗಳಿಗೆ ರಂಗೋಲಿಯ ಚುಕ್ಕಿಯಂತೆ ಇಟ್ಟು ತೋರಿಸಿದೆ. ಅವಳು ಕೇಳದೆಯೇ 89ಕ್ಕೆ ಕೈಹಾಕಿ, ಎಂಟು ಸುತ್ತುಗಳಲ್ಲಿ ಐದನ್ನು ಮುಗಿಸಿದ್ದಾಳೆ. ಶೇಷ 1ರ ಕಾರಣ ಓದಿದಾಗ ನನ್ನ ಆ ಹನ್ನೊಂದು ಪುಟಗಳೂ ವ್ಯರ್ಥವಾಗಲಿಲ್ಲ ಎನ್ನಿಸಿತು. 32767ನ್ನೂ 32769ನ್ನೂ ನಾನೇ ಒಡೆದು ನೋಡಿದೆ, ಆ ಆರೂ ಸಿಕ್ಕವು.

ಹುಡುಗ ಬಂದು ಕಾಲಂ ಸರಿಮಾಡಿ ಹೋದ. ಅರ್ಜಿಗಳೆಲ್ಲ ನನ್ನ ಟ್ರಂಕಿನಲ್ಲಿ ಇದ್ದವು. ಹಗಲು ದೂರವಾಣಿ ಸಂಖ್ಯೆಗಳನ್ನು ಮತ್ತೆ ತುಂಬಿಸುತ್ತಿದ್ದೇನೆ, ಸಂಜೆ ಭಾಗಿಸುತ್ತಿದ್ದೇನೆ. 1303ಕ್ಕೆ ಶೇಷ 226. 1489ಕ್ಕೆ 199. 2543ಕ್ಕೆ 1523. ಇವತ್ತು 2729 ಮುಗಿಯಿತು, ಎರಡು ಸಲ ಮಾಡಿದೆ. ಮೇಷ್ಟರೇ, ಆ ಹುಡುಗಿ ಕರಿಹಲಗೆಯ ಮೇಲೆ ಬರೆದ ಶೇಷ 799 ತಾನೇ?